ಮನೆಗಳ ಬೆನ್ನು

ಗೆಳೆಯರೇ, ಭಾನುವಾರ ಹಾಸ್ಟೆಲಿನಲ್ಲಿ ಮಲಗಿ ಕಳೆಯುವ ಬದಲು ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು ಸುತ್ತು ನಡೆದು ಬನ್ನಿ. 1898ರ ಪ್ಲೇಗಿನ ಹೊಡೆತದಿಂದ ಬೆಳೆದ ಬಡಾವಣೆ. ಕೆಂಪು ಹೆಂಚು, ಜಗಲಿ, ಕಿಟಕಿ ಮೇಲೆ ಮರದ ಪಟ್ಟಿಯ ಚೂಪು ಮುಸುಕು. ಅದಕ್ಕೆ 'ಮಂಕಿ ಟಾಪ್' ಅಂತಾರೆ. ಪಕ್ಕದಲ್ಲೇ ಅಪಾರ್ಟ್‌ಮೆಂಟು. ಹಳೇದು ಚೆಂದವೇ, ಇಲ್ಲ ಅನ್ನೋದಿಲ್ಲ. ಅಂಥದ್ದೊಂದು ಉರುಳಿದರೆ ಪೇಪರಿನವರು ಕಣ್ಣೀರಿಡುತ್ತಾರೆ.

ಈಗ ಹಿತ್ತಿಲ ಕಡೆ ಬನ್ನಿ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಂದು ಸಂದಿ. ನಕ್ಷೆಯಲ್ಲಿ ಇದರ ಹೆಸರು ಕನ್ಸರ್ವೆನ್ಸಿ ಲೇನ್. ಕಕ್ಕಸಿನ ಮಲ ಎತ್ತಲು ನಮ್ಮವರು ಬರುತ್ತಿದ್ದ ದಾರಿ. ಮುಂಬಾಗಿಲಿಗೆ ಕಾಣದ ಹಾಗೆ ಇಂಜಿನಿಯರು ಸ್ಕೇಲು ಹಿಡಿದು ಎಳೆದ ಗೆರೆ ಇದು. ಹಳ್ಳಿಯಲ್ಲಿ ಕೇರಿ ಊರ ಹೊರಗೆ. ಇಲ್ಲಿ ಅಸ್ಪೃಶ್ಯತೆ ನಕ್ಷೆಯೊಳಗೇ ಕೂತಿತು.

1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಹೊರಟರು. 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು. ಬಕೆಟ್ಟು ಹೋಯ್ತು, ಮ್ಯಾನ್‌ಹೋಲು ಬಂತು. ಇಳಿಯುವವನು ಬದಲಾದನೇ?

ಸಿವಿಲ್ ಓದುವ ಹುಡುಗರೇ, ಮಂಕಿ ಟಾಪಿನ ಚಿತ್ರ ಬರೆಯಲು ಹೋದಾಗ ಟೇಪು ಹಿಡಿದು ಈ ಸಂದಿಯ ಅಗಲವನ್ನೂ ಅಳೆದುಕೊಂಡು ಬನ್ನಿ.