ಆಕ್ಸಲ್ ಒಂದನ್ನೇ ಬದಲಿಸಿದ್ರೆ ಅರ್ಧ ಲೆಕ್ಕ

ಅಮೆರಿಕದಲ್ಲಿ 1960ರ ದಶಕದ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡ ಹಲವರಿಗೆ ಒಂದೇ ಹುಚ್ಚು: ಪಿಕಪ್ ಸಾಲದು, ಹಿಂದಿನ ಆಕ್ಸಲ್‌ಗೆ 4.11 ಗೇರ್ ಹಾಕ್ಸೋಣ. ನನ್ನ ಪ್ರಕಾರ ಇದು ದುಡ್ಡು ದಂಡ.

ಹಳೆಯ ನಾಲ್ಕು ಗೇರಿನ ಗೇರ್‌ಬಾಕ್ಸ್‌ನಲ್ಲಿ ಫಸ್ಟ್ 2.78, ಟಾಪ್ 1.00 ಅಂತಿಟ್ಕೊಳ್ಳಿ. ಆಕ್ಸಲ್ 3.00 ಇದ್ದರೆ ಫಸ್ಟ್‌ನಲ್ಲಿ ಒಟ್ಟು ಅನುಪಾತ 8.34, 4.11 ಹಾಕಿದರೆ 11.43. ಸಿಗ್ನಲ್ ಬಿಟ್ಟ ತಕ್ಷಣ ಕಾರು ಚಿಮ್ಮತ್ತೆ, ನಿಜ. ಆದರೆ ಹೈವೇಗೆ ಬನ್ನಿ. ಚಕ್ರದ ಸುತ್ತಳತೆ 2 ಮೀಟರ್ ಅಂದ್ಕೊಂಡ್ರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೊದಲು 2,500 ಆರ್‌ಪಿಎಂನಲ್ಲಿ ತಿರುಗ್ತಿದ್ದ ಎಂಜಿನ್ ಈಗ 3,400 ದಾಟಿರುತ್ತೆ. ಮುಂದೆ ಹಾಕೋಕೆ ಗೇರೇ ಇಲ್ಲ! ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ, ಪೆಟ್ರೋಲ್ ಖರ್ಚು ಬೇರೆ.

ಖರ್ಚು ಹೆಚ್ಚಾದರೂ 80ರ ದಶಕದ ವಿ8 ಮಸ್ಟಾಂಗಿನ ಐದು ಗೇರಿನ ಟಿ-5 ಹಾಕಿಸೋದೇ ಸರಿ. ಅದರ ಫಸ್ಟ್ 3.35, ಐದನೆಯದು 0.68. 3.55 ಆಕ್ಸಲ್ ಜೊತೆ ಫಸ್ಟ್‌ನಲ್ಲಿ 11.89, ಐದರಲ್ಲಿ 2.41. ಪಿಕಪ್ಪೂ ಜಾಸ್ತಿ, ಹೈವೇಲಿ ಸುಮಾರು 2,000 ಆರ್‌ಪಿಎಂ. ಹಳೇ 3.00 ಆಕ್ಸಲನ್ನೇ ಬಿಟ್ಟರೆ 1,700ಕ್ಕೆ ಇಳಿದು, ಏರು ಬಂದಾಗೆಲ್ಲ ನಾಲ್ಕಕ್ಕೆ ಎಳೀಬೇಕಾಗುತ್ತೆ.

ಹಾಂ, ಭಾರೀ ಟಾರ್ಕಿನ ಎಂಜಿನ್ ಕೂರಿಸಿದ್ದರೆ ಟಿ-5 ತಡೆಯಲ್ಲ. ಇನ್ನು ಸ್ಪೀಡೋಮೀಟರಿನ ಗೇರನ್ನೂ ಹೊಸ ಅನುಪಾತಕ್ಕೆ ಹೊಂದಿಸಬೇಕು, ಇಲ್ದಿದ್ರೆ ಅದು ತೋರ್ಸೋ ಸ್ಪೀಡೇ ಸುಳ್ಳು.