ಕೊಂಡಿ ಕೊಳ್ಳುವಾಗ ನಾವೂ ಅಂಗಡಿಗೆ ಹೋಗೋಣ

ಉತ್ಪಾದಕ ಅಕ್ಕ-ತಂಗಿಯರೇ,

ಹಸು ಕೊಳ್ಳುವಾಗ ನಾವು ಏನೆಲ್ಲ ನೋಡುತ್ತೇವೆ! ಕೆಚ್ಚಲು ಮುಟ್ಟಿ, ನಾಲ್ಕೂ ಮೊಲೆ ಹಿಂಡಿ, ಹಲ್ಲು ನೋಡಿ, ಎಷ್ಟನೇ ಸೂಲು ಎಂದು ಕೇಳಿ, ಆಮೇಲೆ ದರದ ಮಾತು. ಆದರೆ ಆ ಹಸುವಿಗೆ ಮೇವು ತರುವ ಟ್ರೇಲರಿಗೆ ಕೊಂಡಿ ಹಾಕಿಸುವಾಗ ಮಾತ್ರ "ಅದು ಗಂಡಸರ ಕೆಲಸ" ಎಂದು ಸುಮ್ಮನಾಗುತ್ತೇವೆ. ದುಡ್ಡು ನಮ್ಮ ಹಾಲಿನ ಬಟವಾಡೆಯದು, ಮೇವಿನ ಮೇಲೆ ಕೂತು ಬರುವವರೂ ನಾವೇ. ಕೊಂಡಿ ಯಾವುದಿರಬೇಕೆಂದು ಹೇಳುವವರಲ್ಲಿ ನಾವೂ ಇರಬೇಕು ಎಂಬುದು ನನ್ನ ಅಭಿಪ್ರಾಯ.

ನನಗೆ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಹೋದ ವರ್ಷ ರಸಮೇವಿಗೆಂದು ಮುಸುಕಿನ ಜೋಳ ಕೊಯ್ದು ಸಾಗಿಸುತ್ತಿದ್ದೆವು. ಮಿನಿ ಟ್ರ್ಯಾಕ್ಟರನ್ನು ನಮ್ಮ ಮನೆಯವರು ಓಡಿಸುತ್ತಿದ್ದರು. ನಾನೂ ಮಗಳೂ ಮೇವಿನ ಮೇಲೆ ಕೂತಿದ್ದೆವು. ಕೆರೆ ಏರಿ ಹತ್ತುವ ಮುಂಚೆ ಮಗಳು ನೀರು ಕುಡಿಯಬೇಕೆಂದಳು, ಇಬ್ಬರೂ ಇಳಿದೆವು. ಟ್ರ್ಯಾಕ್ಟರು ಏರಿ ಹತ್ತಿತು, ಟ್ರೇಲರು ಹತ್ತಲಿಲ್ಲ. ಪಿನ್ನು ಕಳಚಿ, ಮೇವಿನ ಸಮೇತ ಹಿಂದಕ್ಕೆ ಉರುಳಿ ಹಳ್ಳಕ್ಕೆ ಮಗುಚಿತು. ಹೋಗಿ ನೋಡಿದರೆ ಅದು ಪಿನ್ನೇ ಅಲ್ಲ, ಮನೆ ಕಟ್ಟುವ ಸರಳಿನ ತುಂಡು. ಹಳೆಯ ಪಿನ್ನು ಕಳೆದಾಗ ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟದ್ದು. ಲಾಕ್ ಇರಬೇಕಾದ ಕಡೆ ಬೈಂಡಿಂಗ್ ತಂತಿ ಸುತ್ತಿತ್ತು. ಸರಪಳಿ ಇರಲೇ ಇಲ್ಲ.

ಅಂದಿನಿಂದ ನಾನು ಕೇಳಿ, ನೋಡಿ ತಿಳಿದದ್ದನ್ನು ಹೇಳುತ್ತೇನೆ.

ಅಂಗಡಿಗೆ ಹೋಗುವ ಮೊದಲು ಭಾರದ ಲೆಕ್ಕ ಹಾಕಿ. ಒಣಹುಲ್ಲು ಎತ್ತರ ಕಂಡರೂ ಹಗುರ. ಹಸಿರು ಮೇವಿನಲ್ಲಿ ಮುಕ್ಕಾಲು ಪಾಲು ನೀರೇ, ಕಣ್ಣಿಗೆ ಕಾಣುವುದಕ್ಕಿಂತ ತೂಕ ಹೆಚ್ಚು. 50 ಕಿಲೋ ಪಶು ಆಹಾರದ ಚೀಲ 20 ಹೇರಿದರೆ ಒಂದು ಟನ್ನು. ಬೇಸಿಗೆಯಲ್ಲಿ ನೀರು ತರುವ ಸಾವಿರ ಲೀಟರ್ ಟ್ಯಾಂಕೂ ಒಂದು ಟನ್ನೇ. ಇದಕ್ಕೆ ಟ್ರೇಲರಿನ ತೂಕವನ್ನೂ ಕೂಡಿಸಿ. ವರ್ಷದಲ್ಲಿ ಅತಿ ಹೆಚ್ಚು ಹೇರುವ ದಿನದ ಭಾರ ಎಷ್ಟೋ, ಕೊಂಡಿ ಅದಕ್ಕಿಂತ ಹೆಚ್ಚು ತಡೆಯಬೇಕು. ಕೊಂಡಿ ಗಟ್ಟಿಯಿದ್ದು ಪಿನ್ನು ತೆಳುವಾದರೆ ನಿಮ್ಮ ಬಲ ಪಿನ್ನಿನಷ್ಟೇ.

ಪಿನ್ನು ಟ್ರೇಲರಿನ ಬಳೆಗೆ ಹದವಾಗಿ ಕೂರಬೇಕು. ಸಡಿಲವಾದರೆ ಪ್ರತಿ ಬ್ರೇಕಿಗೂ ಬಡಿದು ಬಳೆ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಪಿನ್ನಿನ ಮೇಲೆ ತಲೆ, ಕೆಳಗೆ ತೂತು, ತೂತಿಗೆ ಲಾಕ್ ಪಿನ್ನು, ಮೂರೂ ಇರಲೇಬೇಕು. ಜೊತೆಗೆ ಕೊಂಡಿ ಕಳಚಿದರೂ ಟ್ರೇಲರನ್ನು ಹಿಡಿದಿಡುವ ಸರಪಳಿ ಬೇಕು. ಎರಡು ಸರಪಳಿಯಿದ್ದರೆ ಮೂಕಿಯ ಕೆಳಗೆ ಕತ್ತರಿಯಂತೆ ದಾಟಿಸಿ ಕಟ್ಟಿ, ಮೂಕಿ ಕಳಚಿದರೂ ನೆಲಕ್ಕೆ ಕುತ್ತುವುದಿಲ್ಲ.

ಟ್ರ್ಯಾಕ್ಟರಿಗೆ ಕೊಂಡಿ ಹಿಂದಿನ ಅಚ್ಚಿಗಿಂತ ಕೆಳಗೇ ಇರಬೇಕು. ಮೇಲಿನ ಟಾಪ್ ಲಿಂಕಿಗೆ ಟ್ರೇಲರು ಕಟ್ಟಿ ಏರು ಹತ್ತಿದರೆ ಮುಂದಿನ ಚಕ್ರ ಮೇಲೆದ್ದು ಟ್ರ್ಯಾಕ್ಟರೇ ಓಡಿಸುವವರ ಮೇಲೆ ಮಗುಚಬಹುದು.

ಹೇರುವುದು ಹೇಗೆಂದು ನಮ್ಮ ಅಜ್ಜಂದಿರನ್ನು ನೆನೆಯಿರಿ. ಎತ್ತಿನ ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆಂದು ಭಾರವನ್ನು ತುಸು ಮುಂದಕ್ಕೇ ಇಡುತ್ತಿದ್ದರು. ಎರಡು ಚಕ್ರದ ಟ್ರೇಲರಿಗೂ ಅದೇ ನ್ಯಾಯ. ಹಿಂದೆ ಭಾರವಾದರೆ ಮೂಕಿ ಕೊಂಡಿಯನ್ನು ಮೇಲಕ್ಕೆತ್ತುತ್ತದೆ, ಟ್ರೇಲರು ಅತ್ತಿತ್ತ ತೊನೆಯುತ್ತದೆ.

ಈಗ ಊರೂರಿಗೆ ಪಿಕಪ್ ಬಂದಿದೆ. ಅದರ ಹಿಂದೆಯೂ ಸಣ್ಣ ಟ್ರೇಲರು ಕಟ್ಟೋಣವೆಂದು ಬಂಪರಿಗೆ ಹುಕ್ಕು ವೆಲ್ಡ್ ಮಾಡಿಸಬೇಡಿ. ಬಂಪರು ಭಾರ ಎಳೆಯಲು ಮಾಡಿದ್ದಲ್ಲ. ಗಾಡಿ ಕೆಟ್ಟಾಗ ಎಳೆಯಲು ಕೊಟ್ಟ ಹುಕ್ಕೂ ದಿನನಿತ್ಯದ ಹೇರಿಗಲ್ಲ. ಕೊಂಡಿ ಚಾಸಿಗೆ ಬೋಲ್ಟಿನಿಂದ ಕೂರಬೇಕು. ಗುಂಡಿನ ಕೊಂಡಿಯಾದರೆ 50 ಮಿ.ಮೀ. ಗುಂಡಿಗೆ 50ರ ಬಟ್ಟಲೇ ಬೇಕು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಭಾರ ಎಳೆಯಬಹುದೆಂದು ಬರೆದಿರದಿದ್ದರೆ ಎಳೆಯಲೇಬೇಡಿ. ಎರಡು ಸಲ ಓಡಾಡಿದರೆ ಹೋಗುವುದು ಡೀಸೆಲ್ ಮಾತ್ರ. ಟ್ರೇಲರಿಗೂ ಬೇರೆಯಾಗಿ ನೋಂದಣಿ, ವಿಮೆ ಇರಲಿ.

"ಇಷ್ಟೆಲ್ಲ ಖರ್ಚು ಯಾಕೆ, ಇಷ್ಟು ದಿನ ನಡೆದಿಲ್ಲವೇ?" ಎಂದು ಮನೆಯಲ್ಲಿ ಕೇಳುತ್ತಾರೆ. ನಮ್ಮ ಮನೆಯಲ್ಲೂ ಕೇಳಿದರು. ಮಗುಚಿದ ಟ್ರೇಲರು ಎತ್ತಿಸಿ ರಿಪೇರಿ ಮಾಡಿಸಿದ ಬಿಲ್ಲನ್ನು ನಾನು ಮುಂದಿಟ್ಟೆ. ಅದರಲ್ಲಿ ಎಷ್ಟೋ ಒಳ್ಳೆಯ ಕೊಂಡಿ, ಪಿನ್ನು, ಸರಪಳಿ ಬರುತ್ತಿದ್ದವು. ಅವರಿಗೂ ಗಾಬರಿ ಇಳಿದಿರಲಿಲ್ಲ, ಮರುಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ತಪ್ಪು ಅವರೊಬ್ಬರದಲ್ಲ. ಆ ಸರಳಿನ ತುಂಡನ್ನು ನಾನೂ ದಿನಾ ನೋಡುತ್ತಿದ್ದೆ, ಒಂದು ದಿನವೂ ಕೇಳಲಿಲ್ಲ.

ಒಂದು ಮಾತು ಇನ್ನೂ ಉಳಿದಿದೆ. ಎಂಥ ಕೊಂಡಿ ಹಾಕಿಸಿದರೂ ಮೇವಿನ ಮೇಲೆ, ಮೂಕಿಯ ಮೇಲೆ ಕೂರುವುದನ್ನು ಬಿಡೋಣ. ಹೊಲದಿಂದ ಮನೆಗೆ ನಡೆದು ಬಂದರೆ ಹೋಗುವುದು ಅರ್ಧ ಗಂಟೆ. ನಾನೂ ಮಗಳೂ ಈಗ ನಡೆದೇ ಬರುತ್ತೇವೆ.

ಡೇರಿಯಲ್ಲಿ ಡಿಗ್ರಿ, ಫ್ಯಾಟು ನೋಡದೆ ಯಾರ ಹಾಲನ್ನೂ ಹಾಕಿಸಿಕೊಳ್ಳುವುದಿಲ್ಲ. ಅದೇ ಕಣ್ಣಿನಿಂದ ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ನಿಮ್ಮ ಮನೆಯ ಟ್ರೇಲರಿನ ಹತ್ತಿರ ಬಗ್ಗಿ ನೋಡಿ. ಪಿನ್ನು ಪಿನ್ನೇ ಇದೆಯೇ? ಲಾಕ್ ಇದೆಯೇ? ಸರಪಳಿ ಇದೆಯೇ? ಇಲ್ಲದಿದ್ದರೆ ಮುಂದಿನ ಬಟವಾಡೆಯಲ್ಲಿ ಮೊದಲ ಖರ್ಚು ಅದಕ್ಕಿರಲಿ. ಸಂಘದ ಸಭೆಯಲ್ಲೂ ಈ ಮಾತು ಎತ್ತಿ. ನಾಲ್ಕು ಮನೆಯವರು ಕೂಡಿ ಒಂದೇ ಸಲ ತಂದರೆ ದರವೂ ಇಳಿಯುತ್ತದೆ, ಅಂಗಡಿಯವನೂ ಸರಳಿನ ತುಂಡು ಕೊಡಲು ಹೆದರುತ್ತಾನೆ.