ಪ್ರತಿ ಇದ್ದರೆ ಸಾಲದು

ನಮ್ಮ ಪಾಳಾದಲ್ಲಿ ಪಹಣಿಯೆಂದರೆ ರೈತನ ಜೀವ. ಶಾಲೆಯ ಮುಖ ಕಾಣದ ನನ್ನ ತಂದೆಯವರೂ ಅದನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಆದರೆ ಮೂಲ ದಾಖಲೆ ಈಗಿರುವುದು ಗಣಕಯಂತ್ರದಲ್ಲಿ. 2000ನೆಯ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಅದಕ್ಕೆ ಏರಿಸಿತು. ಯಂತ್ರ ಕೆಟ್ಟರೆ ಗತಿಯೇನು?

“ಪ್ರತಿ ಇದೆಯಲ್ಲ!” ಎನ್ನುವವರುಂಟು. ಸೋಮವಾರ ರಾತ್ರಿ ತೆಗೆದ ಪ್ರತಿಯಲ್ಲಿ ಮಂಗಳವಾರ ಮಧ್ಯಾಹ್ನದ ಖಾತೆ ಬದಲಾವಣೆ ಇರುವುದಿಲ್ಲ. ಆದುದರಿಂದ, ಬದಲಾವಣೆಗಳನ್ನೆಲ್ಲ ಆದ ಕ್ರಮದಲ್ಲಿಯೇ ಬರೆದಿಡುವ ‘ಲಾಗ್’ ಎಂಬ ದಿನವಹಿಯ ನಕಲುಗಳೂ ಬೇಕು. ಮೊದಲು ಪೂರ್ಣ ಪ್ರತಿಯನ್ನು ಸ್ಥಾಪಿಸಿ, ಅನಂತರ ದಿನವಹಿಯನ್ನು ಅನುಕ್ರಮವಾಗಿ ಓದಿಸಿದರೆ, ಕೊನೆಯ ನಕಲು ತೆಗೆದ ಗಳಿಗೆಯವರೆಗಿನ ದಾಖಲೆ ಮರಳುತ್ತದೆ. ತಪ್ಪು ನಮೂದು ಬಿದ್ದಿದ್ದರೆ ಅದರ ಹಿಂದಿನ ಕ್ಷಣಕ್ಕೇ ನಿಲ್ಲಿಸಬಹುದು. ನಡುವೆ ಒಂದು ನಕಲು ಕಳೆದರೆ ಮಾತ್ರ ಮುಂದಿನವೆಲ್ಲ ವ್ಯರ್ಥ. ರೋಜುಕೀರ್ದಿಯ ಹಾಳೆ ಹರಿದ ಅಂಗಡಿಯಲ್ಲಿ ಲೆಕ್ಕ ಕೂಡುವುದೇ?

ಪ್ರತಿಯನ್ನು ಅದೇ ಯಂತ್ರದಲ್ಲಿಡುವುದು, ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ತೆಗೆಯುವುದು ಅರ್ಧ ಕೆಲಸ. ಬೇರೊಂದು ಯಂತ್ರದಲ್ಲಿ ಆಗಾಗ ಮರಳಿ ಸ್ಥಾಪಿಸಿ ನೋಡುವುದೇ ಉಳಿದರ್ಧ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಿತ್ರರೇ, ನಮ್ಮಲ್ಲಿ ಹಲವರು ನಾಳೆ ಕಚೇರಿಗಳಲ್ಲಿ ಕುಳಿತುಕೊಳ್ಳುವವರು. ಅಂದು “ಪ್ರತಿ ಇದೆಯೇ?” ಎಂದಷ್ಟೇ ಕೇಳದೆ, “ಮರಳಿ ತಂದು ನೋಡಿದ್ದೀರಾ?” ಎಂದು ಕೇಳೋಣ. ಟ್ರಂಕು ತೆರೆದು ಕಾಗದ ಹಿಡಿದು ಬಂದ ರೈತನಿಗೆ ನಾವು ಸಲ್ಲಿಸಬೇಕಾದ ಋಣ ಅದು.